ನಾಲ್ಕು ಜೊತೆ ಫಿನ್ನಲ್ಲಿ ಸ್ಪ್ಲಿಟ್ ಎಷ್ಟಿರಬೇಕು?

ಫೆಸ್ಟಿನ ಚುರುಮುರಿ ಸ್ಟಾಲಿನಲ್ಲಿ ಉಳಿದದ್ದು, ಹಳೆಯ ವಿದ್ಯಾರ್ಥಿಗಳು ಕೈಲಾದಷ್ಟು ಕಳಿಸಿದ್ದು, ಕಳೆದ ವರ್ಷದ ಚಾರಣದ ಲೆಕ್ಕದಲ್ಲಿ ಮಿಕ್ಕಿದ್ದು ಎಲ್ಲ ಸೇರಿ ನಮ್ಮ ಸಾಹಸ ಬಳಗದ ಕೈಯಲ್ಲಿ ಈಗ ನಾಲ್ಕು ಜೊತೆ ಸ್ಕೂಬಾ ಫಿನ್ ಕೊಳ್ಳುವಷ್ಟು ದುಡ್ಡಿದೆ. ಫಿನ್ ಬೇಕು ಅನ್ನೋದರಲ್ಲಿ ಯಾರದ್ದೂ ತಕರಾರಿಲ್ಲ. ಈಜುಕೊಳದಲ್ಲಿ ಅಭ್ಯಾಸ ಮಾಡೋಕೆ ಆಗುತ್ತೆ, ನೇತ್ರಾಣಿಗೆ ಹೋದಾಗ ಸೈಜಿಗೆ ಸಿಗದ ಬಾಡಿಗೆ ಫಿನ್ನಿನ ರಗಳೆ ತಪ್ಪುತ್ತೆ. ತಕರಾರು ಇರೋದು ಯಾವ ಫಿನ್ ಅನ್ನೋದರಲ್ಲಿ. ಒಂದು ಬಣದ ಪ್ರಕಾರ ನಾಲ್ಕೂ ಸ್ಪ್ಲಿಟ್ ಫಿನ್ ಆಗಿರಬೇಕು. ‘ಹೊಸ ಟೆಕ್ನಾಲಜಿ, ಕಡಿಮೆ ಶ್ರಮ, ಜಾಸ್ತಿ ಸ್ಪೀಡು, ಇನ್ನೇನು ಬೇಕು?’ ಇನ್ನೊಂದು ಬಣಕ್ಕೆ ಸ್ಪ್ಲಿಟ್ ಅಂದ್ರೇನೇ ನಗು. ಅದು ಮುದುಕರ ಫಿನ್ನಂತೆ, ಒಂದು ಜೊತೆಯೂ ಬೇಡವಂತೆ.

ನಾವು ಹೇಳೋದು ಮೂರು ಪ್ಯಾಡಲ್, ಒಂದು ಸ್ಪ್ಲಿಟ್. ಎರಡೂ ಕಡೆಯವರನ್ನ ಸಮಾಧಾನ ಮಾಡೋಕೆ ಹುಡುಕಿದ ರಾಜಿ ಸೂತ್ರ ಅಂತ ಇದನ್ನ ದಯವಿಟ್ಟು ತಿಳೀಬೇಡಿ. ಎರಡು ಬಣವೂ ತಪ್ಪು ಪ್ರಶ್ನೆ ಕೇಳ್ತಿದೆ ಅನ್ನೋದು ನಮ್ಮ ಅಭಿಪ್ರಾಯ. ‘ಯಾವ ಫಿನ್ ಒಳ್ಳೇದು’ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ‘ಯಾರ ಕಾಲಿಗೆ, ಯಾವ ಕಿಕ್ಕಿಗೆ’ ಅಂತ ಕೇಳಿದರೆ ಇದೆ.

ಬಳಗದ ಹೊರಗಿನವರಿಗೆ ಎರಡು ಮಾತು. ಫಿನ್ ಅಂದ್ರೆ ಡೈವರುಗಳು ಕಾಲಿಗೆ ಹಾಕಿಕೊಳ್ಳೋ ಬಾತುಕೋಳಿ ಪಾದದಂಥದ್ದು. ಒಂದೇ ಅಗಲ ಹಾಳೆಯಂತಿದ್ದರೆ ಅದು ಪ್ಯಾಡಲ್ ಫಿನ್. ಅದೇ ಹಾಳೆಯನ್ನ ತುದಿಯಿಂದ ಪಾದದ ಹತ್ತಿರದವರೆಗೆ ನಡುವೆ ಸೀಳಿಬಿಟ್ಟರೆ ಸ್ಪ್ಲಿಟ್ ಫಿನ್. ನೋಡೋಕೆ ಮೀನಿನ ಬಾಲ ಇದ್ದಂಗಿರುತ್ತೆ. ಅಂಗಡಿಯವರ ಅರ್ಧ ಮಾರಾಟ ಆ ಹೋಲಿಕೆಯಿಂದಲೇ ನಡೆಯುತ್ತೆ ಅನ್ನೋದು ನಮ್ಮ ಗುಮಾನಿ.

ಫಿನ್ನಿನ ಚರಿತ್ರೆ ನಮಗೆ ಗೊತ್ತಿರೋ ಮಟ್ಟಿಗೆ ‘ಬಲ ಜಾಸ್ತಿ ಮಾಡು’, ‘ಸುಸ್ತು ಕಡಿಮೆ ಮಾಡು’ ಅನ್ನೋ ಎರಡು ಆಸೆಗಳ ಜಗ್ಗಾಟ. ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗಲೇ ಚಿತ್ರಗಾರರು ಬಣ್ಣ ಕಲಸೋ ಹಲಗೆಯಂಥ ಎರಡು ಮರದ ಹಲಗೆ ಮಾಡಿ, ಕೈಗೆ ಹಿಡಿದು ಈಜಿ ನೋಡಿದ್ದ. ವೇಗ ಬಂತು, ಆದರೆ ಮಣಿಕಟ್ಟು ಸೋತುಹೋಯ್ತು ಅಂತ ಅವನೇ ಬರೆದಿಟ್ಟಿದ್ದಾನೆ. ಪಾದಕ್ಕೂ ಏನೋ ಕಟ್ಟಿ ನೋಡಿದ, ಅದು ಸರಿಹೋಗಲಿಲ್ಲ. ಇವತ್ತಿನ ಫಿನ್ನಿಗೆ 1933ರಲ್ಲಿ ಪೇಟೆಂಟ್ ತಗೊಂಡವನು ಫ್ರೆಂಚ್ ನೌಕಾಪಡೆಯ ಲೂಯಿ ದ ಕೊರ್ಲ್ಯೂ. ಆಮೇಲೆ ಅಮೆರಿಕದಲ್ಲಿ ಪೇಟೆಂಟ್ ಪಡೆದು ಅದನ್ನ ಜನರ ಕಾಲಿಗೆ ಮುಟ್ಟಿಸಿದವನು ಓವೆನ್ ಚರ್ಚಿಲ್. ಈತ 1932ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದವನು. 1960ರ ದಶಕದಲ್ಲಿ ಜೆಟ್ ಫಿನ್ ಬಂತು. ಕಪ್ಪು ರಬ್ಬರು, ಗಟ್ಟಿ, ಭಾರ, ಹಾಳೆಯಲ್ಲಿ ನೀರು ಹಾಯೋಕೆ ಕಿಂಡಿ. ಅರವತ್ತು ವರ್ಷದ ಈ ಡಿಸೈನನ್ನ ಇವತ್ತಿಗೂ ತಯಾರಿಸ್ತಾರೆ, ಜನ ಇವತ್ತಿಗೂ ಕೊಳ್ತಾರೆ. ನಮ್ಮ ಕಾಲೇಜಿನ ಲೇತ್ ಮಷೀನುಗಳನ್ನ ನೋಡಿದವರಿಗೆ ಇದರಲ್ಲಿ ಅಚ್ಚರಿ ಏನೂ ಕಾಣಿಸಲಿಕ್ಕಿಲ್ಲ.

ಸ್ಪ್ಲಿಟ್ ಬಂದದ್ದು ಇವೆಲ್ಲದರ ನಂತರ, 1990ರ ದಶಕದ ಕೊನೆಯ ಹೊತ್ತಿಗೆ. ಪೀಟರ್ ಮೆಕಾರ್ಥಿ ಅನ್ನೋ ಅಮೆರಿಕದ ಸಂಶೋಧಕನ ಪೇಟೆಂಟುಗಳು ಅವು. ‘ನೇಚರ್ಸ್ ವಿಂಗ್’ ಹೆಸರಿನಲ್ಲಿ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟ. ಜಪಾನಿನ ಅಪೋಲೋ ಬಯೋ ಫಿನ್ ಮಾಡಿತು, ಸ್ಕೂಬಾಪ್ರೋ ಟ್ವಿನ್ ಜೆಟ್ ಮಾಡಿತು, ಅಟಾಮಿಕ್ ಕೂಡ ತನ್ನದೊಂದು ತಂತು. ಆ ಕಾಲದ ಡೈವಿಂಗ್ ಪತ್ರಿಕೆಗಳ ವೇಗ ಪರೀಕ್ಷೆಗಳಲ್ಲಿ ಇವು ಮೇಲಿನ ಸಾಲಿನಲ್ಲೇ ನಿಂತವು. ‘ಜಾಸ್ತಿ ಸ್ಪೀಡು’ ಅನ್ನೋ ಮಾತು ಹುಟ್ಟಿದ್ದು ಅಲ್ಲಿ. ಅದು ಪೂರ್ತಿ ಸುಳ್ಳೇನಲ್ಲ, ಆದರೆ ನಮಗೆ ಅದರಿಂದ ಆಗಬೇಕಾದ್ದು ಬಹಳ ಕಡಿಮೆ. ಯಾಕೆ ಅಂತ ಮುಂದೆ ನೋಡೋಣ.

ಸೀಳು ಮಾಡೋ ಕೆಲಸ ಏನು? ಪ್ಯಾಡಲ್ ಫಿನ್ನನ್ನ ಕೆಳಕ್ಕೆ ಒದ್ದರೆ ಅದು ಪಾದಕ್ಕೆ ಸಿಕ್ಕಿಸಿದ ಕ್ಯಾಂಟಿಲಿವರ್ ಬೀಮು. ನೀರಿನ ಭಾರ ಹೊತ್ತು ಬಾಗುತ್ತೆ. ಬಾಗಿದ ಹಾಳೆ ನೀರನ್ನ ಓರೆಯಾಗಿ ಹಿಂದಕ್ಕೆ ತಳ್ಳುತ್ತೆ, ನಾವು ಮುಂದಕ್ಕೆ ಹೋಗ್ತೀವಿ. ಸ್ಪ್ಲಿಟ್‌ನಲ್ಲಿ ಒಂದು ಬೀಮಿನ ಬದಲು ಎರಡು ಕಿರಿದಾದ ಪಟ್ಟಿ. ಒದ್ದಾಗ ಅವು ಬಾಗೋದಷ್ಟೇ ಅಲ್ಲ, ತಿರುಚಿಕೊಳ್ಳುತ್ತವೆ ಕೂಡ. ನಡುವಿನ ಸೀಳು ಅಗಲವಾಗಿ ಸ್ವಲ್ಪ ನೀರು ಅಲ್ಲಿಂದ ನುಸುಳುತ್ತೆ. ಓರೆಯಾಗಿ ನಿಂತ ಎರಡು ಪಟ್ಟಿಗಳೂ ಪ್ರೊಪೆಲ್ಲರಿನ ಎಲೆಗಳ ಹಾಗೆ, ವಿಮಾನದ ರೆಕ್ಕೆಯ ಹಾಗೆ ಲಿಫ್ಟ್ ಹುಟ್ಟಿಸಿ, ಆ ಲಿಫ್ಟೇ ನಮ್ಮನ್ನ ಮುಂದಕ್ಕೆ ತಳ್ಳುತ್ತೆ ಅನ್ನೋದು ತಯಾರಕರ ವಾದ. ಲಿಫ್ಟಿನ ಪಾಲು ಎಷ್ಟು, ಬರೀ ಮೆದುತನದ ಪಾಲು ಎಷ್ಟು ಅಂತ ಬಿಡಿಸೋದು ನಾಲ್ಕು ಜನ ಹಾಸ್ಟೆಲಿನಲ್ಲಿ ಕೂತು ಮಾಡೋ ಕೆಲಸ ಅಲ್ಲ. ಆದರೆ ಕಾಲಿಗೆ ಆಗೋ ಅನುಭವದಲ್ಲಿ ಗೊಂದಲ ಇಲ್ಲ: ಪ್ರತಿ ಒದೆತಕ್ಕೂ ತಡೆ ಕಡಿಮೆ, ಹಾಗಾಗಿ ಚಿಕ್ಕದಾಗಿ, ಬೇಗ ಬೇಗ ಒದೆಯಬೇಕು.

ಇದನ್ನ ಗೇರಿನ ಲೆಕ್ಕದಲ್ಲಿ ನೋಡಿದರೆ ಸುಲಭ. ಗಟ್ಟಿ ಪ್ಯಾಡಲ್ ಫಿನ್ ಸೈಕಲ್ಲಿನ ದೊಡ್ಡ ಗೇರು. ನಿಧಾನ ತುಳಿ, ಒಂದೊಂದು ತುಳಿತಕ್ಕೂ ಜಾಸ್ತಿ ದೂರ, ಮಂಡಿಗೆ ಜಾಸ್ತಿ ಭಾರ. ಸ್ಪ್ಲಿಟ್ ಚಿಕ್ಕ ಗೇರು. ಆಗುಂಬೆ ಘಾಟಿ ಹತ್ತೋವಾಗ ಬೇಕಾಗೋದು ಇದೇ. ಗೇರು ಯಾವತ್ತೂ ಶಕ್ತಿ ಹುಟ್ಟಿಸಲ್ಲ, ಇರೋ ಎಂಜಿನ್ನಿಗೆ ಹೊಂದಿಸುತ್ತೆ ಅಷ್ಟೇ. ಎಂಜಿನ್ ನಮ್ಮ ತೊಡೆ. ‘ಈ ಫಿನ್ ಹಾಕಿದರೆ ಪವರ್ ಜಾಸ್ತಿ’ ಅಂತ ಯಾರಾದ್ರೂ ಅಂದ್ರೆ, ಆ ಪವರ್ ಎಲ್ಲಿಂದ ಬಂತು ಗುರೂ ಅಂತ ಕೇಳಿ. ಥರ್ಮೋಡೈನಮಿಕ್ಸ್‌ನಲ್ಲಿ ಬ್ಯಾಕ್ ಉಳಿಸಿಕೊಂಡವರೂ ಕೇಳಬಹುದಾದ ಪ್ರಶ್ನೆ ಅದು.

ಈಗ ಸ್ಪೀಡಿನ ವಿಷಯ. ನೀರಿನಲ್ಲಿ ತಡೆಬಲ ವೇಗದ ವರ್ಗದಷ್ಟು ಏರುತ್ತೆ, ಅದನ್ನ ಮೀರಿ ಸಾಗೋಕೆ ಬೇಕಾದ ಶಕ್ತಿ ವೇಗದ ಘನದಷ್ಟು. ಶೇಕಡ 20 ವೇಗ ಹೆಚ್ಚಿಸಬೇಕು ಅಂದ್ರೆ 1.2ರ ಘನ, ಅಂದ್ರೆ ಸುಮಾರು 1.73. ಐದನೇ ಒಂದು ಭಾಗ ವೇಗಕ್ಕೆ ಮುಕ್ಕಾಲು ಪಾಲು ಹೆಚ್ಚುವರಿ ಶಕ್ತಿ ತೆರಬೇಕು. ವೇಗ ದುಪ್ಪಟ್ಟು ಆಗಬೇಕಾದರೆ ಶಕ್ತಿ ಎಂಟು ಪಟ್ಟು. ಬೆನ್ನಿಗೆ ಸಿಲಿಂಡರು, ಮೈಗೆ ಜಾಕೆಟ್ಟು, ಪಕ್ಕದಲ್ಲಿ ತೂಗಾಡೋ ಪ್ರೆಷರ್ ಗೇಜು ಹೊತ್ತ ಮನುಷ್ಯ ಟಾರ್ಪಿಡೋ ಥರ ಇರಲ್ಲ, ಲಗೇಜ್ ಕಟ್ಟಿದ ಟೆಂಪೋ ಥರ ಇರ್ತಾನೆ. ಅವನಿಗೆ ಸ್ಪೀಡ್ ಫಿನ್ ಕೊಡೋದಕ್ಕಿಂತ, ಮೈಯನ್ನ ಅಡ್ಡವಾಗಿ ಚಪ್ಪಟೆ ಇಟ್ಟುಕೊಳ್ಳೋದು ಕಲಿಸಿದರೆ ಜಾಸ್ತಿ ಲಾಭ. ಕಾಲು ಕೆಳಗೆ ಜೋತುಬಿದ್ದ ಡೈವರ್ ನೀರಿಗೆ ಒಡ್ಡೋ ಎದುರು ಮೈ ಎಷ್ಟು ದೊಡ್ಡದು ಅಂತ ಒಂದು ಸಲ ವಿಡಿಯೋದಲ್ಲಿ ನೋಡಿ. ಫಿನ್ನಿನ ಜಗಳ ಅಲ್ಲೇ ಅರ್ಧ ಮುಗಿಯುತ್ತೆ.

ಸ್ಕೂಬಾದಲ್ಲಿ ನಿಜವಾಗಿ ಲೆಕ್ಕ ಹಾಕಬೇಕಾದ್ದು ಗಾಳಿ. ಇಲ್ಲಿ ನಾವು ಸ್ವಲ್ಪ ಕೂತು ಅಂಕಿ ಹಾಕ್ತೀವಿ, ಬೇಸರ ಮಾಡ್ಕೋಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್ ತುಂಬಿದರೆ ಹೊರಗಿನ ಒತ್ತಡದಲ್ಲಿ ಅದು 2,200 ಲೀಟರ್ ಗಾಳಿ. ಕೊನೆಯ 50 ಬಾರ್ ಆಪತ್ತಿಗೆ ಅಂತ ಮುಟ್ಟಬಾರದು. ಬಳಸೋಕೆ ಉಳಿಯೋದು 1,650 ಲೀಟರ್. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು, ಹಾಗಾಗಿ ಪ್ರತಿ ಉಸಿರಿಗೂ ಖರ್ಚು ದುಪ್ಪಟ್ಟು. ಆರಾಮಾಗಿ ನಿಮಿಷಕ್ಕೆ 20 ಲೀಟರ್ ಉಸಿರಾಡೋನು ಅಲ್ಲಿ 40 ಲೀಟರ್ ಖಾಲಿ ಮಾಡ್ತಾನೆ, ಅವನಿಗೆ ಸುಮಾರು 41 ನಿಮಿಷ ಸಿಗುತ್ತೆ. ಅದೇ ಮನುಷ್ಯ ಹೊಂದದ ಫಿನ್ ಹಾಕಿಕೊಂಡು, ಅಥವಾ ತಪ್ಪು ಕಿಕ್ ಹೊಡೀತಾ, ಏದುಸಿರು ಬಿಟ್ಟು ನಿಮಿಷಕ್ಕೆ 30 ಲೀಟರಿಗೆ ಏರಿದ ಅಂದ್ಕೊಳ್ಳಿ. 27 ನಿಮಿಷಕ್ಕೇ ಆಟ ಮುಗೀತು. ಹದಿನಾಲ್ಕು ನಿಮಿಷ ಹೋಯ್ತು. ಜೊತೆಗಾರನ ಗಾಳಿ ಅರ್ಧ ಉಳಿದಿದ್ದರೂ ಅವನೂ ಮೇಲೆ ಬರಲೇಬೇಕು, ಯಾಕಂದ್ರೆ ಇಳಿಯೋದು ಏರೋದು ಜೋಡಿಯಾಗೇ. ರಾತ್ರಿಯಿಡೀ ಪ್ರಯಾಣ ಮಾಡಿ ಮುರುಡೇಶ್ವರ ತಲುಪಿ, ದೋಣಿಯಲ್ಲಿ ಗಂಟೆಗೂ ಮಿಕ್ಕಿ ಹೊಟ್ಟೆ ತೊಳಸಿಕೊಂಡು ನೇತ್ರಾಣಿ ಮುಟ್ಟಿದವರಿಗೆ ಹದಿನಾಲ್ಕು ನಿಮಿಷದ ಬೆಲೆ ಚೆನ್ನಾಗಿ ಗೊತ್ತು.

ಅಂದ್ಮೇಲೆ ಶ್ರಮ ಕಡಿಮೆ ಮಾಡೋ ಸ್ಪ್ಲಿಟ್ಟೇ ಸರಿ ಅಲ್ವಾ, ನಾಲ್ಕೂ ಅದೇ ತರೋಣ ಅನ್ನಬಹುದು ಮೊದಲ ಬಣ. ಇಲ್ಲ. ಯಾಕಂದ್ರೆ ಶ್ರಮ ಕಡಿಮೆ ಆಗೋದು ಒಂದೇ ಥರದ ಕಿಕ್ಕಿನಲ್ಲಿ.

ಎರಡೂ ಕಾಲನ್ನ ಒಂದಾದ ಮೇಲೊಂದರಂತೆ ಮೇಲೆ ಕೆಳಗೆ ಬಡಿಯೋದು ಫ್ಲಟರ್ ಕಿಕ್. ಈಜು ಬಲ್ಲ ಎಲ್ಲರಿಗೂ ಬರುತ್ತೆ. ಸ್ಪ್ಲಿಟ್ ಇರೋದೇ ಇದಕ್ಕೆ. ಇನ್ನೊಂದು ಫ್ರಾಗ್ ಕಿಕ್, ಕಪ್ಪೆ ಥರ. ಮಂಡಿ ಮಡಚಿ, ಪಾದಗಳನ್ನ ಹೊರಕ್ಕೆ ತಿರುಗಿಸಿ, ಅಂಗಾಲನ್ನ ಅಂಗಾಲಿನ ಕಡೆಗೆ ಗುಡಿಸಿ ತಂದು, ಆಮೇಲೆ ಸುಮ್ನೆ ಜಾರೋದು. ಒಂದು ಒದೆತ, ಒಂದು ಉಸಿರು, ಒಂದಿಷ್ಟು ದೂರ. ನೀರು ನೇರ ಹಿಂದಕ್ಕೆ ಹೋಗೋದರಿಂದ ಕೆಳಗಿನ ಮರಳು ಏಳಲ್ಲ. ಹವಳದ ಪಕ್ಕ ಸಾಗೋವಾಗ ಇದು ಬರೀ ಸ್ಟೈಲಿನ ವಿಷಯ ಅಲ್ಲ. ಫ್ಲಟರ್ ಹೊಡೆದರೆ ಎದ್ದ ಮರಳು ಹಿಂದೆ ಬರೋರ ಕಣ್ಣು ಮುಚ್ಚುತ್ತೆ, ಹವಳದ ಮೇಲೂ ಕೂರುತ್ತೆ. ಇದಲ್ಲದೆ ನಿಂತಲ್ಲೇ ತಿರುಗೋ ಹೆಲಿಕಾಪ್ಟರ್ ಟರ್ನ್, ಹಿಂದಕ್ಕೆ ಸರಿಯೋ ಬ್ಯಾಕ್ ಕಿಕ್ ಇವೆ. ಈ ಮೂರಕ್ಕೂ ಫಿನ್ನಿನ ಹಾಳೆ ಅಡ್ಡಡ್ಡ ಬಾಗದೆ, ತಿರುಚಿಕೊಳ್ಳದೆ ಹೇಳಿದ ಮಾತು ಕೇಳಬೇಕು. ಸ್ಪ್ಲಿಟ್‌ನ ಗುಣವೇ ತಿರುಚಿಕೊಳ್ಳೋದು. ಎರಡು ಪಟ್ಟಿಗಳೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ, ತುದಿ ಎಲ್ಲಿದೆ ಅಂತ ಕಾಲಿಗೆ ತಿಳಿಯಲ್ಲ. ಸ್ಪ್ಲಿಟ್‌ನಲ್ಲಿ ಫ್ರಾಗ್ ಕಿಕ್ ಹೊಡೆಯೋ ಪಳಗಿದವರು ಇದ್ದಾರೆ, ಖಂಡಿತ ಇದ್ದಾರೆ. ಆದರೆ ಅವರು ಮೊದಲು ಕಲಿತದ್ದು ಬೇರೆ ಫಿನ್ನಿನಲ್ಲಿ. ಬ್ಯಾಕ್ ಕಿಕ್ ಅಂತೂ ಅವರಿಗೂ ಕಷ್ಟವೇ.

ಇನ್ನೂ ಒಂದು ಕಾರಣ ಇದೆ, ನಮ್ಮ ಮಟ್ಟಿಗೆ ಇದೇ ದೊಡ್ಡದು. ಹೊಸಬರ ದೊಡ್ಡ ರೋಗ ಸೈಕಲ್ ಕಿಕ್. ತೊಡೆಯಿಂದ ಒದೆಯೋ ಬದಲು ಮಂಡಿ ಮಡಚಿ ಪೆಡಲ್ ತುಳಿದ ಹಾಗೆ ಮಾಡೋದು. ಫಿನ್ನು ನೀರನ್ನ ತಳ್ಳೋ ಬದಲು ನೀರನ್ನ ಕೊಯ್ದುಕೊಂಡು ಹೋಗುತ್ತೆ. ಮುರುಡೇಶ್ವರದಲ್ಲಿ ನಮಗೆ ಕಲಿಸಿದ ಇನ್‌ಸ್ಟ್ರಕ್ಟರ್ ಹೇಳಿದ್ದು ಇಷ್ಟೇ: ‘ಫಿನ್ ಎಂತದಾದ್ರೂ ಅಡ್ಡಿಲ್ಲ ಮಾರಾಯ್ರೆ, ನೀವು ಸಮುದ್ರದಲ್ಲಿ ಸೈಕಲ್ ಹೊಡೂದು ಒಂದು ಬಿಡಿ.’ ಹದವಾದ ಗಟ್ಟಿತನದ ಪ್ಯಾಡಲ್ ಹಾಕಿಕೊಂಡು ಸೈಕಲ್ ಹೊಡೆದರೆ ಅಲ್ಲೇ ಗೊತ್ತಾಗುತ್ತೆ, ಕಾಲು ಬೈಯುತ್ತೆ. ಸರಿಯಾಗಿ ಒದ್ದರೆ ಮೈ ಮುಂದಕ್ಕೆ ನೂಕಿದ ಹಾಗೆ ಹೋಗುತ್ತೆ. ಸ್ಪ್ಲಿಟ್‌ನ ಮೆದುತನ ತಪ್ಪನ್ನೂ ಸರಿಯನ್ನೂ ಒಂದೇ ಥರ ಕ್ಷಮಿಸಿಬಿಡುತ್ತೆ. ಎಲ್ಲರಿಗೂ ಪಾಸ್ ಮಾರ್ಕ್ಸ್ ಕೊಡೋ ಲ್ಯಾಬ್ ಮೇಷ್ಟ್ರ ಥರ: ಆವತ್ತಿಗೆ ಖುಷಿ, ವೈವಾ ದಿನ ಗೊತ್ತಾಗೋದು. ಬಳಗದ ಫಿನ್ನು ಹೆಚ್ಚಾಗಿ ಬಳಕೆಯಾಗೋದು ಈಜುಕೊಳದಲ್ಲಿ, ಮೊದಲ ಸಲ ಕಲಿಯೋ ಜೂನಿಯರುಗಳ ಕಾಲಲ್ಲಿ. ಅದಕ್ಕೆ ಮೂರು ಪ್ಯಾಡಲ್.

ಹಾಗಾದ್ರೆ ಆ ನಾಲ್ಕನೇದು? ಇಲ್ಲಿ ನಮ್ಮ ಮಾತು ಎರಡನೇ ಬಣದ ಜೊತೆ.

ಸ್ಪ್ಲಿಟ್ ಬಗೆಗಿನ ಆ ನಗು ನಮ್ಮೂರಲ್ಲಿ ಹುಟ್ಟಿದ್ದಲ್ಲ. ಅದರ ಒಂದು ತವರು ಫ್ಲೋರಿಡಾದ ನೀರೊಳಗಿನ ಗುಹೆಗಳು. ತಲೆ ಮೇಲೆ ಬಂಡೆ, ಕೆಳಗೆ ಹಿಟ್ಟಿನಂಥ ಕೆಸರು, ಒಂದು ತಪ್ಪು ಒದೆತಕ್ಕೆ ಕೆಸರೆದ್ದು ವಾಪಸ್ ದಾರಿ ಕಾಣದಂತಾಗೋ ಜಾಗ. ಅಲ್ಲಿ ಇಳಿಯೋರು ಎರಡೆರಡು ಸಿಲಿಂಡರ್ ಹೊತ್ತು, ಫ್ರಾಗ್ ಕಿಕ್ಕಿನಲ್ಲೇ ಹೋಗ್ತಾರೆ. ಅವರಿಗೆ ಸ್ಪ್ಲಿಟ್ ಬೇಡ ಅನ್ನೋದು ನೂರಕ್ಕೆ ನೂರು ಸರಿ. ಆ ಸರಿಯನ್ನ ಹಾಗೇ ಎತ್ತಿಕೊಂಡು ಬಂದು ಬಿಸಿಲು ಬೀಳೋ ನೇತ್ರಾಣಿಯ ತೆರೆದ ನೀರಿಗೆ ಅಂಟಿಸೋದು ಎಂಜಿನಿಯರಿಂಗ್ ಅಲ್ಲ, ಅಭಿಮಾನಿ ಸಂಘ. ಬೌಂಡರಿ ಕಂಡೀಷನ್ ಬದಲಾದರೆ ಉತ್ತರ ಬದಲಾಗುತ್ತೆ ಅಂತ ನಾಲ್ಕು ವರ್ಷ ಓದೋದು ಇನ್ಯಾವುದಕ್ಕೆ?

ನಮ್ಮ ಬಳಗದಲ್ಲೊಬ್ಬಳು ಗೆಳತಿ ಇದ್ದಾಳೆ. ಕಬಡ್ಡಿ ಆಡ್ತಾ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ಡಾಕ್ಟರು ಈಜಬಹುದು, ಡೈವ್ ಕೂಡ ಮಾಡಬಹುದು ಅಂದಮೇಲೇ ಅವಳು ಕೋರ್ಸಿಗೆ ಸೇರಿದ್ದು. ಬಾಡಿಗೆಯ ಗಟ್ಟಿ ಪ್ಯಾಡಲ್ ಹಾಕಿಕೊಂಡು ಮೊದಲ ದಿನ ಇಳಿದು ಬಂದವಳು ದೋಣಿಯ ಏಣಿ ಹತ್ತೋಕೆ ಇಬ್ಬರ ಕೈ ಹಿಡಿಯಬೇಕಾಯ್ತು. ಸಂಜೆ ಊಟಕ್ಕೆ ಕೂತಾಗ ‘ಇದು ನನಗಲ್ಲ ಬಿಡ್ರೋ’ ಅಂದಳು. ಬೇಸರದಿಂದ ಅಂದದ್ದೂ ಅಲ್ಲ, ಲೆಕ್ಕ ಮುಗಿಸಿದವಳ ಹಾಗೆ ಅಂದಳು. ಮಾರನೇ ದಿನ ಆ ಇನ್‌ಸ್ಟ್ರಕ್ಟರೇ ಎಲ್ಲಿಂದಲೋ ಒಂದು ಹಳೇ ಸ್ಪ್ಲಿಟ್ ತಂದುಕೊಟ್ಟರು. ಒಂದು ಪಟ್ಟಿಯ ತುದಿ ಸವೆದಿತ್ತು. ಚಿಕ್ಕ ಚಿಕ್ಕದಾಗಿ ಒದೀತಾ ಎರಡು ಡೈವ್ ಮುಗಿಸಿದಳು, ಏಣಿಯನ್ನ ತಾನೇ ಹತ್ತಿದಳು. ಅವಳ ಫ್ರಾಗ್ ಕಿಕ್ ಇವತ್ತಿಗೂ ಸುಮಾರೇ. ಅವಳ ಮಂಡಿಗೆ ಪಾದ ಹೊರಗೆ ತಿರುಗಿಸಿ ಗುಡಿಸೋ ಆ ಚಲನೆಯೇ ಆಗಲ್ಲ, ಯಾವ ಫಿನ್ ಹಾಕಿದರೂ ಆಗಲ್ಲ. ಹಾಗಾಗಿ ಮರಳು ಇರೋ ಕಡೆ ತಳದಿಂದ ಎರಡು ಮೀಟರ್ ಮೇಲೇ ಇರ್ತಾಳೆ. ಫ್ರಾಂಕ್ಲಿನ್ನನ ಮಣಿಕಟ್ಟಿಗೆ ಆದದ್ದೇ ಇವಳ ಮಂಡಿಗೆ ಆಗಿತ್ತು. ಹಲಗೆ ದೊಡ್ಡದು, ಕೀಲು ಸಣ್ಣದು.

ಅವಳ ಕಾಲಿನಲ್ಲಿರೋದನ್ನ ನೋಡಿ ‘ಮುದುಕರ ಫಿನ್’ ಅನ್ನೋರಿಗೆ ನಾವು ಕೇಳೋದು: ನಿಮ್ಮ ಲೆಕ್ಕದಲ್ಲಿ ಅವಳು ಏನು ಮಾಡಬೇಕಿತ್ತು? ದಡದಲ್ಲಿ ಕೂತು ಬ್ಯಾಗು ಕಾಯಬೇಕಿತ್ತಾ? ಬಳಗ ಅಂತ ಹೆಸರಿಟ್ಟುಕೊಂಡ ಮೇಲೆ ಬೀರುವಿನಲ್ಲಿ ಅವಳಂಥವರಿಗೂ ಒಂದು ಜೊತೆ ಇರಬೇಕು. ಮುಂದಿನ ವರ್ಷದ ಬ್ಯಾಚಿನಲ್ಲೂ ಮಂಡಿ ನೋವಿನವರು, ಮೀನಖಂಡ ಹಿಡಿದುಕೊಳ್ಳೋರು ಒಬ್ಬಿಬ್ಬರು ಬಂದೇ ಬರ್ತಾರೆ. ಮುದುಕರು ಬಂದರೂ ಒಳ್ಳೇದೇ. ಹಳೆಯ ವಿದ್ಯಾರ್ಥಿಗಳ ಪ್ರವಾಸಕ್ಕೆ ದುಡ್ಡು ಕೊಟ್ಟವರೂ ಅವರೇ ಅಲ್ವಾ.

ಸ್ಪ್ಲಿಟ್ ವಿರುದ್ಧ ಹೇಳೋ ಇನ್ನೆರಡು ಮಾತುಗಳಿಗೆ ಬೇಗ ಉತ್ತರ ಹೇಳಿಬಿಡ್ತೀವಿ. ಸೀಳಿಗೆ ಮೀನಿನ ಗಾಳದ ದಾರ ಸಿಕ್ಕಿಕೊಳ್ಳುತ್ತೆ ಅಂತಾರೆ. ಸಿಕ್ಕಿಕೊಳ್ಳಬಹುದು. ಫಿನ್ನಿನ ಬಕಲ್ಲಿಗೂ ಸಿಲಿಂಡರಿನ ವಾಲ್ವಿಗೂ ಸಿಕ್ಕಿಕೊಳ್ಳಬಹುದು. ಅದಕ್ಕೇ ಸಣ್ಣ ಕತ್ತರಿ ಇಟ್ಟುಕೊಳ್ಳೋದು, ಅದಕ್ಕೇ ಜೋಡಿ ಇರೋದು. ಸೆಳೆತ ಇದ್ದಾಗ ಸ್ಪ್ಲಿಟ್ ಕೈಕೊಡುತ್ತೆ ಅನ್ನೋದು ಎರಡನೇದು. ಇದರಲ್ಲಿ ಸ್ವಲ್ಪ ಹುರುಳಿದೆ. ಒಂದೇ ಒದೆತಕ್ಕೆ ದೊಡ್ಡ ಬಲ ಬೇಕಾದಾಗ, ಸುಸ್ತಾದ ಜೊತೆಗಾರನನ್ನ ಎಳೆದು ತರಬೇಕಾದಾಗ, ಚಿಕ್ಕ ಗೇರಿನಲ್ಲಿ ಕಾಲು ಸುಮ್ನೆ ಗಿರಗಿರ ತಿರುಗಿದ ಹಾಗಾಗುತ್ತೆ. ಆದರೆ ಸೆಳೆತಕ್ಕೆ ಎದುರಾಗಿ ಹತ್ತು ನಿಮಿಷ ಈಜಿ ಗೆಲ್ತೀನಿ ಅನ್ನೋ ಪ್ಲಾನು ಯಾವ ಫಿನ್ನಿನಲ್ಲೂ ಕೆಟ್ಟ ಪ್ಲಾನೇ. ಘನದ ಲೆಕ್ಕ ಮೇಲೆ ಹಾಕಿದ್ದೀವಲ್ಲ. ಎಳೆದು ತರೋ ಜವಾಬ್ದಾರಿ ಇರೋ ಸೀನಿಯರುಗಳು ಮಾತ್ರ ಪ್ಯಾಡಲ್ ಹಾಕಿಕೊಳ್ಳಲಿ, ಅದು ನ್ಯಾಯ.

ಇಷ್ಟಾದರೂ ನಮ್ಮ ಮಾತನ್ನ ನಂಬಬೇಡಿ, ಅಳೆದು ನೋಡಿ. ಇಷ್ಟು ದಿನದ ಜಗಳದಲ್ಲಿ ಒಬ್ಬರೂ ಒಂದು ರೀಡಿಂಗ್ ತಗೊಂಡಿಲ್ಲ ಅನ್ನೋದು ನಮ್ಮೆಲ್ಲರ ಬ್ರಾಂಚಿಗೂ ಶೋಭೆ ತರೋ ವಿಷಯ ಅಲ್ಲ. ಮಾಡೋದು ಕಷ್ಟವೇನಿಲ್ಲ. ಸ್ಪ್ಲಿಟ್ ಒಂದು ಜೊತೆ ಬಾಡಿಗೆಗೆ ತರೋಣ. ಅದನ್ನ ಬೇರೆ ಕಂಪನಿಯ ಪ್ಯಾಡಲ್ ಜೊತೆ ಹೋಲಿಸಿದರೆ ಉದ್ದ, ತೂಕ, ರಬ್ಬರು ಎಲ್ಲ ಬೇರೆ ಬೇರೆ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಅದರ ಬದಲು ಅದೇ ಸ್ಪ್ಲಿಟ್‌ನ ಸೀಳನ್ನ ಎರಡೂ ಕಡೆ ಗಟ್ಟಿ ಟೇಪಿನಿಂದ ಮುಚ್ಚಿ. ಈಗ ಬದಲಾಗಿರೋದು ಸೀಳು, ಮತ್ತೆ ಟೇಪು ತಂದ ಸ್ವಲ್ಪ ಗಡಸುತನ. ಈಜುಕೊಳದಲ್ಲಿ 25 ಮೀಟರಿನ ಅಷ್ಟೇ ಸುತ್ತುಗಳನ್ನ ಸ್ನಾರ್ಕೆಲ್ ಕಚ್ಚಿಕೊಂಡು ಒಂದೇ ವೇಗದಲ್ಲಿ ಮುಗಿಸಿ. ಎಷ್ಟು ಸಲ ಒದ್ದಿರಿ, ಕೊನೆಗೆ ಎದೆಬಡಿತ ಎಷ್ಟಿತ್ತು ಬರೆದುಕೊಳ್ಳಿ. ಅರ್ಧ ಜನ ಟೇಪಿನಿಂದ ಶುರು ಮಾಡಲಿ, ಅರ್ಧ ಜನ ಟೇಪಿಲ್ಲದೆ. ಇಲ್ಲದಿದ್ದರೆ ಸುಸ್ತೇ ಫಿನ್ನಿನ ಗುಣ ಅಂತ ಗ್ರಾಫಿನಲ್ಲಿ ಬರುತ್ತೆ. ಸ್ಪ್ರಿಂಗ್ ತಕ್ಕಡಿಗೆ ಹಗ್ಗ ಕಟ್ಟಿ ಎಷ್ಟು ಜಗ್ತೀವಿ ಅಂತ ನೋಡೋ ಐಡಿಯಾ ಮೆಕ್ಯಾನಿಕಲ್‌ನವರಿಂದ ಬಂದಿದೆ. ಮಾಡಿ, ಮಜಾ ಇರುತ್ತೆ. ಆದರೆ ನಿಂತಲ್ಲೇ ಜಗ್ಗೋ ಬಲವೂ ಸಾಗ್ತಿರುವಾಗ ಸಿಗೋ ಬಲವೂ ಒಂದೇ ಅಲ್ಲ. ಹರಿವು ಫಿನ್ನಿಗೆ ತಾಗೋ ಕೋನವೇ ಬೇರೆ. ಇನ್ನೊಂದು ಮಾತು, ತಮಾಷೆಯಲ್ಲ: ಉಸಿರು ಕಟ್ಟಿಕೊಂಡು ನೀರೊಳಗೆ ಯಾರು ದೂರ ಹೋಗ್ತಾರೆ ಅನ್ನೋ ಪಂದ್ಯ ಬೇಡವೇ ಬೇಡ. ಆಳ ಇಲ್ಲದ ಕೊಳದಲ್ಲೂ ಪ್ರಜ್ಞೆ ತಪ್ಪೋದು ಹಾಗೇನೇ, ಅದೂ ಮುನ್ಸೂಚನೆ ಇಲ್ಲದೆ. ಕೋಚ್ ದಡದಲ್ಲಿ ನಿಂತಿರುವಾಗ ಮಾತ್ರ ಪ್ರಯೋಗ. ಮತ್ತೆ ಗ್ರಾಫ್ ಮೊದಲು ಎಳೆದು ರೀಡಿಂಗ್ ಆಮೇಲೆ ತುಂಬೋ ನಮ್ಮ ಪರಂಪರೆಗೆ ಈ ಒಂದು ಸಲ ರಜೆ ಕೊಡಿ.

ಇನ್ನು ಖರೀದಿಯ ಕಡೆ. ಸೀಳು ಇದೆಯೋ ಇಲ್ವೋ ಅನ್ನೋದಕ್ಕಿಂತ ಮುಖ್ಯವಾದ್ದು ಪಾದ ಕೂರೋ ಜಾಗ. ಬಿಗಿಯಾದರೆ ಮೀನಖಂಡ ಹಿಡಿದುಕೊಳ್ಳುತ್ತೆ, ಸಡಿಲವಾದರೆ ಹಿಮ್ಮಡಿ ಸುಲಿಯುತ್ತೆ. ಚಪ್ಪಲಿ ಕೊಳ್ಳೋವಾಗ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡೋರು ಇದನ್ನ ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ಒತ್ತೋದು ಯಾಕೋ. ಪೂರ್ತಿ ಪಾದ ಮುಚ್ಚೋ ಫಿನ್ ಬರಿಗಾಲಿಗೆ, ಹಗುರ, ಅಗ್ಗ, ನಮ್ಮ ಬೆಚ್ಚಗಿನ ನೀರಿಗೆ ಸಾಕು. ಆದರೆ ಒಬ್ಬರ ಸೈಜು ಇನ್ನೊಬ್ಬರಿಗೆ ಆಗಲ್ಲ. ಹಿಮ್ಮಡಿ ತೆರೆದು ಪಟ್ಟಿ ಇರೋದಾದರೆ ನಿಯೋಪ್ರೀನ್ ಬೂಟಿ ಬೇಕು, ಖರ್ಚು ಜಾಸ್ತಿ, ಆದರೆ ಒಂದೇ ಜೊತೆ ಎರಡು ಮೂರು ಅಳತೆಯ ಪಾದಕ್ಕೆ ಹೊಂದುತ್ತೆ. ಹಂಚಿಕೊಂಡು ಬಳಸೋ ಬಳಗಕ್ಕೆ ಇದೇ ಸರಿ. ರಬ್ಬರ್ ಪಟ್ಟಿಯ ಬದಲು ಸ್ಟೀಲ್ ಸ್ಪ್ರಿಂಗ್ ಪಟ್ಟಿ ಹಾಕಿಸಿದರೆ ದೋಣಿಯ ಅಲುಗಾಟದಲ್ಲಿ ಬಕಲ್ ಹುಡುಕೋ ಪರದಾಟ ಇಲ್ಲ. ಹೆಸರಾಂತ ಕಂಪನಿಯ ಸ್ಪ್ಲಿಟ್ ಸಾದಾ ಪ್ಯಾಡಲ್‌ಗಿಂತ ದುಬಾರಿ. ನಾಲ್ಕೂ ಅದೇ ತಂದರೆ ಬೂಟಿಗೂ ಸ್ಪ್ರಿಂಗಿಗೂ ದುಡ್ಡು ಉಳಿಯಲ್ಲ. ಕಪ್ಪು ರಬ್ಬರಿನ ಭಾರದ ಜೆಟ್ ಫಿನ್ ಆಸೆಯನ್ನೂ ಬಿಡಿ. ಚಳಿ ದೇಶದ ದಪ್ಪ ಸೂಟಿನಲ್ಲಿ ಕಾಲು ಮೇಲಕ್ಕೇಳೋದನ್ನ ತಡೆಯೋಕೆ ಆ ಭಾರ ಬೇಕು. ನಮ್ಮ ಮೂರು ಮಿಲಿಮೀಟರ್ ಸೂಟಿನಲ್ಲಿ ಅದು ಕಾಲನ್ನ ಕೆಳಕ್ಕೆ ಎಳೆಯುತ್ತೆ, ಮತ್ತೆ ಲಗೇಜ್ ಕಟ್ಟಿದ ಟೆಂಪೋ.

ಒಂದೇ ಸಲ ಮುರುಡೇಶ್ವರಕ್ಕೆ ಹೋಗಿ, ಇನ್‌ಸ್ಟ್ರಕ್ಟರ್ ಸಿಲಿಂಡರ್ ಹಿಡಿದುಕೊಂಡು ಸುತ್ತಿಸಿದ ಟ್ರೈ ಡೈವ್ ಮುಗಿಸಿ ಬಂದು, ಸ್ಟೈಪೆಂಡ್ ದುಡ್ಡಲ್ಲಿ ಸ್ವಂತಕ್ಕೆ ಸ್ಪ್ಲಿಟ್ ಕೊಳ್ಳಲಾ ಅಂತ ಕೇಳೋ ಮೂವರು ನಮ್ಮ ಪಟ್ಟಿಯಲ್ಲಿದ್ದಾರೆ. ಕೊಳ್ಳಬೇಡಿ. ಆ ಡೈವಿನಲ್ಲಿ ನೀವು ಒದ್ದಿದ್ದೇ ಕಡಿಮೆ. ಆ ದುಡ್ಡನ್ನ ಕೋರ್ಸಿಗೆ ಇಡಿ, ಬಳಗದ ಫಿನ್ನಿನಲ್ಲಿ ಒಂದು ಸೀಸನ್ ಕಾಲು ಪಳಗಿಸಿ.

ಖರೀದಿಯ ಸಭೆ ಮುಂದಿನ ಶನಿವಾರ, ಮಧ್ಯಾಹ್ನದ ಲ್ಯಾಬ್ ಮುಗಿದ ಮೇಲೆ. ನಮ್ಮ ಪಟ್ಟಿ ಇದು: ಹದವಾದ ಗಟ್ಟಿತನದ, ಹಿಮ್ಮಡಿ ತೆರೆದ ಪ್ಯಾಡಲ್ ಮೂರು ಜೊತೆ, ಚಿಕ್ಕದು ಒಂದು, ನಡುವಿನದು ಒಂದು, ದೊಡ್ಡದು ಒಂದು. ಸ್ಪ್ಲಿಟ್ ಒಂದು ಜೊತೆ, ನಡುವಿನ ಅಳತೆ. ನಾಲ್ಕಕ್ಕೂ ಸ್ಪ್ರಿಂಗ್ ಪಟ್ಟಿ. ಟೇಪಿನ ಪ್ರಯೋಗಕ್ಕೆ ಇನ್ನೂ ನಾಲ್ಕು ಜನ ಬೇಕು, ಬ್ರಾಂಚ್ ಯಾವುದಾದರೂ ಸರಿ, ಈಜು ಬರಬೇಕು. ಪಾದದ ಅಳತೆ ಆರಕ್ಕಿಂತ ಕಡಿಮೆ ಇರೋರು ಶನಿವಾರದ ಒಳಗೇ ಹೇಳಿಬಿಡಿ, ಚಿಕ್ಕ ಸೈಜನ್ನ ಆಮೇಲೆ ಬದಲಾಯಿಸಿ ಕೊಡಲ್ಲ ಅಂತ ಅಂಗಡಿಯವರು ಈಗಲೇ ಹೇಳಿದ್ದಾರೆ.